ಪ್ರೊಬೇಷನ್ನಿನಲ್ಲಿರುವವಳಿಗೆ ಹೆರಿಗೆ ರಜೆ

ಬೆಳಗಾವಿಯ ಉದ್ಯಮಬಾಗದ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಸಂಬಳದ ಲೆಕ್ಕ, ಪಿಎಫ್ ಹಾಗೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಕೆಲಸ ಮಾಡಿಕೊಡುವ ಕಚೇರಿಯೊಂದರಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಹಾಜರಿ ಪುಸ್ತಕ ತಾಳೆ ನೋಡುವುದು, ತಿಂಗಳ ಚಲನ್ ತುಂಬುವುದು, ಹೊಸದಾಗಿ ಸೇರುವವರ ನೇಮಕಾತಿ ಪತ್ರ ಸಿದ್ಧಪಡಿಸುವುದು ನಿತ್ಯದ ಕೆಲಸ. ಸಂಸ್ಥೆ ಯಾವುದೇ ಇರಲಿ, ಈ ಪತ್ರಗಳಲ್ಲಿ ಒಂದು ವಾಕ್ಯ ಮಾತ್ರ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಬರುತ್ತದೆ: "ಮೊದಲ ಆರು ತಿಂಗಳು ಪ್ರೊಬೇಷನ್ ಅವಧಿಯಾಗಿದ್ದು, ಸದರಿ ಅವಧಿಯಲ್ಲಿ ನೌಕರರು ಯಾವುದೇ ರಜೆ ಸೌಲಭ್ಯಕ್ಕೆ ಅರ್ಹರಿರುವುದಿಲ್ಲ."

ಪ್ರೊಬೇಷನ್ ಎಂದರೆ ಕಾಯಂ ಮಾಡುವ ಮೊದಲು ಕೆಲಸ ಹೇಗಿದೆಯೆಂದು ನೋಡುವ ಅವಧಿ. ಗಂಡಸರು ಈ ವಾಕ್ಯ ಓದಿ ಸಹಿ ಮಾಡಿ ಎದ್ದು ಹೋಗುತ್ತಾರೆ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ಅದೇ ವಾಕ್ಯದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಾಳೆ, ಆದರೆ ಏನನ್ನೂ ಕೇಳುವುದಿಲ್ಲ. ಯಾವುದೇ ರಜೆ ಎಂದ ಮೇಲೆ ಹೆರಿಗೆ ರಜೆಯೂ ಅದರಲ್ಲಿ ಬಂತು ಎಂದು ಅವಳು ತಿಳಿಯುತ್ತಾಳೆ. ಮಾಲೀಕರೂ ಹಾಗೆಯೇ ತಿಳಿದಿರುತ್ತಾರೆ. ಅವರಲ್ಲಿ ಬಹಳಷ್ಟು ಜನ ಕೆಟ್ಟವರೇನೂ ಅಲ್ಲ. ತಮಗಿಂತ ಮೊದಲಿನವರು ಬರೆಸಿದ ಪತ್ರವನ್ನೇ ಇವರೂ ಬರೆಸುತ್ತಾರೆ, ಅದರಲ್ಲಿರುವುದೇ ಕಾನೂನು ಎಂದು ನಂಬುತ್ತಾರೆ. ಈ ನಂಬಿಕೆ ಪೂರ್ತಿ ತಪ್ಪು ಎಂಬುದನ್ನು ಆಧಾರಸಹಿತವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಏಕೆಂದರೆ ಈ ತಪ್ಪು ತಿಳುವಳಿಕೆಯಿಂದ ನೌಕರಿ ಬಿಟ್ಟವರನ್ನು, ಬಿಡಲು ಸಿದ್ಧರಾದವರನ್ನು ನಾನು ಈ ಕಚೇರಿಯ ಮೇಜಿನ ಆಚೆ ಕೂತಲ್ಲಿಯೇ ನೋಡಿದ್ದೇನೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಯು ಹಕ್ಕನ್ನು ಹೇಳುವ ಜಾಗದಲ್ಲಿ ಕಾಯಂ ಆದವಳು, ಪ್ರೊಬೇಷನ್ನಿನಲ್ಲಿರುವವಳು ಎಂಬ ಭೇದವನ್ನೇ ಮಾಡಿಲ್ಲ. ಅದರ ಐದನೆಯ ಕಲಮು ಕೇಳುವುದು ಒಂದೇ ಪ್ರಶ್ನೆ: ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಈ ಹೆಣ್ಣುಮಗಳು ಈ ಮಾಲೀಕರ ಸಂಸ್ಥೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ್ದಾಳೆಯೇ? ಮಾಡಿದ್ದರೆ ಅವಳಿಗೆ 26 ವಾರಗಳ ಸಂಬಳಸಹಿತ ರಜೆ ಸಲ್ಲುತ್ತದೆ. ಅದರಲ್ಲಿ ಹೆಚ್ಚೆಂದರೆ 8 ವಾರಗಳನ್ನು ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವವರಿಗೆ ಮಾತ್ರ ಈ ಅವಧಿ 12 ವಾರ. 2017ರ ಏಪ್ರಿಲ್ 1ರಿಂದ ಈ 26 ವಾರಗಳ ಲೆಕ್ಕ ಜಾರಿಯಲ್ಲಿದೆ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದ ಮೇಲೆ ಈ ವಿಷಯ ಅದರ ಆರನೆಯ ಅಧ್ಯಾಯಕ್ಕೆ ಸೇರಿದೆ, ಆದರೆ 80 ದಿನಗಳ ಷರತ್ತೂ 26 ವಾರಗಳ ಅವಧಿಯೂ ಹಾಗೆಯೇ ಉಳಿದಿವೆ. ನೇಮಕಾತಿ ಪತ್ರದಲ್ಲಿ ಇದಕ್ಕಿಂತ ಕಡಿಮೆ ಕೊಡುತ್ತೇವೆ ಎಂದು ಬರೆದು ಸಹಿ ಮಾಡಿಸಿಕೊಂಡಿದ್ದರೂ ಅದು ನಿಲ್ಲುವುದಿಲ್ಲ. ಕಾಯ್ದೆಗೆ ವಿರುದ್ಧವಾದ ಒಪ್ಪಂದಕ್ಕಿಂತ ಕಾಯ್ದೆಯೇ ಮೇಲು ಎಂದು 1961ರ ಕಾಯ್ದೆಯ 27ನೆಯ ಕಲಮು ಸ್ಪಷ್ಟವಾಗಿ ಹೇಳಿದೆ.

ಈ 80 ಎಂಬ ಸಂಖ್ಯೆಗೆ ಒಂದು ಹಿನ್ನೆಲೆಯಿದೆ. 1961ರಲ್ಲಿ ಕಾಯ್ದೆ ಬಂದಾಗ ಇದ್ದದ್ದು 160 ದಿನ. ವಾರಕ್ಕೆ ಆರು ದಿನದಂತೆ ಆರು ತಿಂಗಳು ಒಂದು ದಿನವೂ ತಪ್ಪಿಸದೆ ದುಡಿದರೂ ಆಗುವುದು ಸುಮಾರು 156 ದಿನ. ಅಂದರೆ ಆರು ತಿಂಗಳ ಪ್ರೊಬೇಷನ್ ಮುಗಿಯುವವರೆಗೆ ಯಾರಿಗೂ ಹಕ್ಕು ಹುಟ್ಟುತ್ತಲೇ ಇರಲಿಲ್ಲ. 1988ರ ತಿದ್ದುಪಡಿ 160ನ್ನು 80ಕ್ಕೆ ಇಳಿಸಿತು. ಪ್ರೊಬೇಷನ್ ಎಂಬ ಮಾತನ್ನು ಎತ್ತದೆಯೇ ಅದು ಪ್ರೊಬೇಷನ್ನಿನಲ್ಲಿರುವ ಹೆಣ್ಣುಮಕ್ಕಳನ್ನು ಕಾಯ್ದೆಯ ಒಳಗೆ ಕರೆದುಕೊಂಡಿತು. "ಪ್ರೊಬೇಷನ್ ಮುಗಿಯದೆ ಹೆರಿಗೆ ರಜೆ ಇಲ್ಲ" ಎಂದು ಇಂದಿಗೂ ಹೇಳುವ ಹಳೆಯ ಮ್ಯಾನೇಜರುಗಳ ನೆನಪಿನಲ್ಲಿ ಇರುವುದು ಬಹುಶಃ ಆ ಹಿಂದಿನ ಲೆಕ್ಕವೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಎಣಿಕೆಯನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. 2024ರ ಕ್ಯಾಲೆಂಡರನ್ನೇ ಇಟ್ಟುಕೊಳ್ಳೋಣ. ಒಬ್ಬಳು ಜೂನ್ 3ರ ಸೋಮವಾರ ಕೆಲಸಕ್ಕೆ ಸೇರಿದಳು. ವೈದ್ಯರು ಬರೆದುಕೊಟ್ಟ ಹೆರಿಗೆಯ ದಿನಾಂಕ ನವೆಂಬರ್ 15. ಅಂದರೆ ಸೇರುವಾಗಲೇ ಅವಳಿಗೆ ನಾಲ್ಕು ತಿಂಗಳು ತುಂಬುತ್ತ ಬಂದಿತ್ತು. ರವಿವಾರಗಳನ್ನು ಬಿಟ್ಟು ಎಣಿಸಿದರೆ ಜೂನ್‌ನಲ್ಲಿ 24, ಜುಲೈಯಲ್ಲಿ 27, ಆಗಸ್ಟ್‌ನಲ್ಲಿ 27, ಒಟ್ಟು 78. ಆಗಸ್ಟ್ 15ರಂತಹ ಸಂಬಳಸಹಿತ ರಜಾದಿನವನ್ನೂ ದುಡಿದ ದಿನವೆಂದೇ ಹಿಡಿಯಬೇಕೆಂದು ಕಾಯ್ದೆಯಲ್ಲಿ ವಿವರಣೆಯಿದೆ, ಆದ್ದರಿಂದ ಅದನ್ನು ಕಳೆಯುವಂತಿಲ್ಲ. ಸೆಪ್ಟೆಂಬರ್ 3ರ ಸಂಜೆಗೆ 80 ತುಂಬಿತು. ಹೆರಿಗೆಗೆ ಎಂಟು ವಾರ ಮೊದಲು, ಅಂದರೆ ಸೆಪ್ಟೆಂಬರ್ 20ರಿಂದ ಅವಳು ರಜೆಯ ಮೇಲೆ ಹೋಗಬಹುದು. ಆರು ತಿಂಗಳ ಪ್ರೊಬೇಷನ್ ಮುಗಿಯುವುದು ಡಿಸೆಂಬರ್ 2ಕ್ಕೆ. ಅಷ್ಟೊತ್ತಿಗೆ ಅವಳು ಬಾಣಂತನದಲ್ಲಿರುತ್ತಾಳೆ, ಅವಳ ಹಕ್ಕು ಪೂರ್ತಿ ನ್ಯಾಯಬದ್ಧವಾಗಿರುತ್ತದೆ.

ಸೇರುವಾಗಲೇ ಬಸುರಿಯಾಗಿದ್ದಳಲ್ಲ, ಹೇಳದೆ ಸೇರಿಕೊಂಡು ನಮಗೆ ಮೋಸ ಮಾಡಿದಳು ಎಂಬ ದೂರನ್ನು ನಾನು ಬಹಳ ಸಲ ಕೇಳಿದ್ದೇನೆ. ಕಾಯ್ದೆ ಗರ್ಭ ನಿಂತ ದಿನವನ್ನು ಕೇಳುವುದೇ ಇಲ್ಲ, ದುಡಿದ ದಿನಗಳನ್ನು ಮಾತ್ರ ಕೇಳುತ್ತದೆ. ಸಂದರ್ಶನದಲ್ಲಿ ಅದನ್ನು ಕೇಳುವುದೂ ಸಲ್ಲದು. ಈ ಮಾತಿಗೆ ಆಧಾರವಾಗಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿದೆ, ಮುಂದೆ ಅದರ ಬಗ್ಗೆ ಬರೆಯುತ್ತೇನೆ.

ಆದರೆ ಇದೇ 80 ದಿನಗಳ ಷರತ್ತಿನಲ್ಲಿ ಒಂದು ಕಾಠಿಣ್ಯವೂ ಇದೆ. ಅದೇ ಹೆಣ್ಣುಮಗಳು ಜೂನ್ ಬದಲು ಆಗಸ್ಟ್ 1ಕ್ಕೆ ಸೇರಿದ್ದಳೆಂದು ಇಟ್ಟುಕೊಳ್ಳಿ. ಆಗಸ್ಟ್ 27, ಸೆಪ್ಟೆಂಬರ್ 25, ಅಕ್ಟೋಬರ್ 27, ಒಟ್ಟು 79. ಎಂಬತ್ತನೆಯ ದಿನ ನವೆಂಬರ್ 1. ಹೆರಿಗೆಗೆ ಎರಡು ವಾರ ಉಳಿದಿರುವವರೆಗೆ, ಒಂದು ದಿನವೂ ತಪ್ಪದೆ ಗೇಟು ದಾಟಿದರೆ ಮಾತ್ರ ಹಕ್ಕು. ನಡುವೆ ಕಾಲು ಬಾತು ನಾಲ್ಕು ದಿನ ಮಲಗಿದರೆ ಆ ನಾಲ್ಕು ದಿನಗಳನ್ನು ಎಂಟನೆಯ ತಿಂಗಳು ಕಳೆದ ಮೇಲೆ ತುಂಬಿಕೊಡಬೇಕು. ಇಂಥವರು ಏದುಸಿರು ಬಿಡುತ್ತ ಮಹಡಿಯ ಮೆಟ್ಟಿಲು ಹತ್ತುವುದನ್ನು ಕಂಡವರಿಗೆ ಈ ಲೆಕ್ಕ ಕಾಗದದ ಮೇಲಿನ ಲೆಕ್ಕವಾಗಿ ಉಳಿಯುವುದಿಲ್ಲ. ಇವರಿಗೆ ಕಾಯ್ದೆ ಕೊಟ್ಟಿರುವ ಒಂದು ಚಿಕ್ಕ ನೆರವನ್ನು ಯಾರೂ ಹೇಳುವುದಿಲ್ಲ: ಹೆರಿಗೆಗೆ ಮುಂಚಿನ ಆರು ವಾರಗಳಿಗೂ ಹಿಂದಿನ ಒಂದು ತಿಂಗಳಲ್ಲಿ ಭಾರದ ಕೆಲಸ, ಬಹಳ ಹೊತ್ತು ನಿಂತು ಮಾಡುವ ಕೆಲಸ ಬೇಡವೆಂದು ಅವಳು ಕೇಳಿದರೆ ಅಂಥ ಕೆಲಸ ಹಚ್ಚುವಂತಿಲ್ಲ. ಪ್ರೊಬೇಷನ್ನಿನಲ್ಲಿರುವವಳು ಇದನ್ನೂ ಕೇಳಬಹುದು, ಆದರೆ ಕೇಳಿದವಳನ್ನು ನಾನು ನೋಡಿಲ್ಲ.

ಇಲ್ಲಿಯವರೆಗಿನ ಲೆಕ್ಕ ಮಾಲೀಕರೇ ಸಂಬಳ ಕೊಡಬೇಕಾದ ಸಂದರ್ಭದ್ದು. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ನಮ್ಮ ಭಾಗದ ಕಾರ್ಖಾನೆ, ಆಸ್ಪತ್ರೆ, ಶೋರೂಮುಗಳಲ್ಲಿ ಹೊಸದಾಗಿ ಸೇರುವ ಹೆಚ್ಚಿನ ಹೆಣ್ಣುಮಕ್ಕಳು ಈ ಗುಂಪಿನವರೇ. ಅವರಿಗೆ 26 ವಾರಗಳ ಹಣವನ್ನು ಇಎಸ್‌ಐ ನಿಗಮವೇ ಕೊಡುತ್ತದೆ, ಮಾಲೀಕರ ಮೇಲೆ ಹೊರೆಯಿಲ್ಲ. ಕೇಳಲು ಇದು ಸಲೀಸಾಗಿದೆ. ಹೊಸಬಳ ವಿಷಯದಲ್ಲಿ ಮಾತ್ರ ಇಲ್ಲಿಯೇ ತೊಡಕು ಇದೆ, ಹೆಚ್ಚು ಜನ ಎಡವುವುದೂ ಇಲ್ಲಿಯೇ.

ಇಎಸ್‌ಐಯಲ್ಲಿ ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಹಂಚಿದ್ದಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಹೆರಿಗೆ ಹಣ ಸಿಗಬೇಕಾದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಸಂದಿರಬೇಕು. ಆದರೆ ಮೊದಲ ಬಾರಿಗೆ ಇಎಸ್‌ಐಗೆ ಸೇರಿದವಳಿಗೆ, ಸೇರಿದ ದಿನದಿಂದ ಒಂಬತ್ತು ತಿಂಗಳು ಕಳೆದ ಮೇಲೆಯೇ ಸೌಲಭ್ಯದ ಅವಧಿ ಶುರುವಾಗುತ್ತದೆ. ಒಂಬತ್ತು ತಿಂಗಳು ಎಂದರೆ ಏನೆಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೇರುವ ಹೊತ್ತಿಗೆ ಗರ್ಭ ನಿಂತಿದ್ದರೆ ಇಎಸ್‌ಐ ಹಣ ಅವಳ ಪಾಲಿಗೆ ಇಲ್ಲವೆಂದೇ ಲೆಕ್ಕ. ಮೇಲೆ ಹೇಳಿದ ಜೂನ್ 3ರ ಹೆಣ್ಣುಮಗಳು ಮೊದಲ ಸಲ ಇಎಸ್‌ಐಗೆ ಬಂದವಳಾಗಿದ್ದರೆ ಅವಳ ಸೌಲಭ್ಯ ಶುರುವಾಗುವುದು 2025ರ ಮಾರ್ಚ್‌ಗೆ, ಹೆರಿಗೆ ಆಗುವುದು ನವೆಂಬರ್‌ಗೆ. ಇಎಸ್‌ಐ ಕಚೇರಿ ಅವಳ ಅರ್ಜಿಯನ್ನು ಹಿಂದಿರುಗಿಸುತ್ತದೆ. ಇಎಸ್‌ಐ ವ್ಯಾಪ್ತಿಯಲ್ಲಿರುವವಳು, ನಾವೇಕೆ ಕೊಡಬೇಕು ಎಂದು ಮಾಲೀಕರೂ ಕೈ ತೊಳೆದುಕೊಳ್ಳುತ್ತಾರೆ. ಇಬ್ಬರ ನಡುವೆ ಅವಳ ಆರು ತಿಂಗಳ ಸಂಬಳ ಹೋಗುತ್ತದೆ.

ಇದಕ್ಕೆ ಉತ್ತರ ಕಾಯ್ದೆಯಲ್ಲಿಯೇ ಇದೆ. 1961ರ ಕಾಯ್ದೆಯ 5ಎ ಕಲಮು, ಈಗಿನ ಸಂಹಿತೆಯಲ್ಲಿ 61ನೆಯ ಕಲಮು, ಹೇಳುವುದು ಇಷ್ಟು: ಹೆರಿಗೆ ಸೌಲಭ್ಯಕ್ಕೆ ಅರ್ಹಳಾದ ಹೆಣ್ಣುಮಗಳು, ಆ ಸಂಸ್ಥೆಗೆ ಇಎಸ್‌ಐ ಅನ್ವಯಿಸಿದ್ದರೂ, ಇಎಸ್‌ಐ ಅಡಿಯಲ್ಲಿ ಹಣ ಪಡೆಯುವ ಅರ್ಹತೆ ಬರುವವರೆಗೆ ಮೊದಲಿನ ಹಕ್ಕನ್ನು ಉಳಿಸಿಕೊಂಡಿರುತ್ತಾಳೆ. ನಾನು ಓದಿಕೊಂಡಂತೆ ಇದರ ಅರ್ಥ ಒಂದೇ. 80 ದಿನ ತುಂಬಿದ, ಆದರೆ ಇಎಸ್‌ಐ ಹಕ್ಕು ಇನ್ನೂ ಹುಟ್ಟದ ಹೊಸಬಳಿಗೆ ಮಾಲೀಕರೇ ಕೊಡಬೇಕು. ಈ ಕಲಮನ್ನು ಮುದ್ರಿಸಿ, ಕೆಳಗೆ ಗೆರೆ ಎಳೆದು ಮಾಲೀಕರ ಮುಂದೆ ಇಟ್ಟಾಗ ಮೊದಲು ಅವರ ಮುಖದಲ್ಲಿ ಕಾಣುವುದು ಸಿಟ್ಟಲ್ಲ, ಅಚ್ಚರಿ. ಇಂಥದ್ದೊಂದು ಕಲಮು ಇದೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯ. 80 ದಿನಗಳ ಎಣಿಕೆ ಈಗಿನ ಮಾಲೀಕರ ಬಳಿಯ ದುಡಿಮೆಗೆ ಮಾತ್ರ ಸಂಬಂಧಿಸಿದ್ದು. ಹಳೆಯ ಕಂಪನಿಯಲ್ಲಿ ಐದು ವರ್ಷ ದುಡಿದಿದ್ದರೂ ಹೊಸ ಕಂಪನಿಯಲ್ಲಿ ಎಣಿಕೆ ಒಂದರಿಂದಲೇ ಶುರು. ಇಎಸ್‌ಐಯಲ್ಲಿ ಹಾಗಲ್ಲ. ಅಲ್ಲಿ ವಂತಿಗೆ ಹೆಣ್ಣುಮಗಳ ಹೆಸರಿಗೆ ಜಮೆಯಾಗುತ್ತದೆ, ಮಾಲೀಕರು ಬದಲಾದರೂ ಹಿಂದಿನ ದಿನಗಳು ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ಹಿಂದೆ ಎಲ್ಲಿಯಾದರೂ ಇಎಸ್‌ಐ ಕಟ್ಟಿದವರು ಹೊಸ ನೌಕರಿಗೆ ಸೇರುವಾಗ ಹಳೆಯ ವಿಮಾ ಸಂಖ್ಯೆಯನ್ನೇ ಕೊಡಬೇಕು. ಹೊಸ ಸಂಖ್ಯೆ ತೆಗೆಯುವುದು ಸುಲಭವೆಂದು ಹಾಗೆ ಮಾಡಿಸಿದವರ ಹಿಂದಿನ ವಂತಿಗೆ ಬೇರೆ ಖಾತೆಯಲ್ಲಿ ಬಿದ್ದಿರುತ್ತದೆ, ಹೆರಿಗೆಯ ಹೊತ್ತಿಗೆ ಅದನ್ನು ಕೂಡಿಸಲು ಓಡಾಡಬೇಕಾಗುತ್ತದೆ.

ಬೀಳಗಿ ಕಡೆಯ ಒಬ್ಬ ಹೆಣ್ಣುಮಗಳು ಯಂತ್ರದ ಬಿಡಿಭಾಗ ಮಾಡುವ ಘಟಕವೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿದ್ದಳು. ಇಎಸ್‌ಐ ಕಾರ್ಡಿನಲ್ಲಿ ಹೆಸರು ತಿದ್ದಿಸುವ ನೆಪದಿಂದ ನಮ್ಮ ಕಚೇರಿಗೆ ಬಂದಳು. ಕೆಲಸ ಮುಗಿದ ಮೇಲೂ ಏಳಲಿಲ್ಲ. ಉದ್ದ ತೋಳಿನ ಕುಪ್ಪಸದೊಳಗೆ ಏನೋ ಸದ್ದಾಯಿತು, ನೋಡಿದರೆ ತೋಳಿನ ತುಂಬ ಹಸಿರು ಬಳೆ. ಹಿಂದಿನ ರವಿವಾರ ಊರಲ್ಲಿ ಕುಬಸ ಆಗಿತ್ತು. ಬಳೆ ತೆಗೆಯುವುದು ಒಳ್ಳೆಯದಲ್ಲವೆಂದು ಅವುಗಳನ್ನು ಮೊಣಕೈವರೆಗೆ ಏರಿಸಿ ತೋಳು ಎಳೆದುಕೊಂಡು ಕೆಲಸಕ್ಕೆ ಬಂದಿದ್ದಳು. "ಅಕ್ಕಾರ, ರಾಜೀನಾಮಾ ಹ್ಯಾಂಗ ಬರೀಬೇಕು ಹೇಳ್ರಿ" ಎಂದಳು. ಯಾಕೆ ಎಂದು ಕೇಳಿದರೆ, "ಇನ್ನಾ ಕನ್ಫರ್ಮ್ ಆಗಿಲ್ರಿ. ರಜಾ ಕೇಳಿದ್ರ ಸಾಹೇಬ್ರು ಬೈತಾರ. ಅದಕ್ಕ ನಾನ ಬಿಡೋದು ಚಲೋ ಅಂತ ಮನ್ಯಾಗೂ ಅಂದ್ರು" ಎಂದಳು.

ನಾನು ಹಾಜರಿ ತರಿಸಿ ಅವಳ ಎದುರಿಗೇ ಎಣಿಸಿದೆ. ಅವಳ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ತಾಯಿ ಕಾರ್ಡ್ ಇತ್ತು. ಆಶಾ ಕಾರ್ಯಕರ್ತೆಯೊಂದಿಗೆ ಹೋಗಿ ಮಾಡಿಸಿದ ಆ ಕಾರ್ಡಿನಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕವನ್ನು ನೀಲಿ ಪೆನ್ನಿನಲ್ಲಿ ಬರೆದಿದ್ದರು. ಆ ದಿನಾಂಕದಿಂದ ಹಿಂದಕ್ಕೆ ಎಣಿಸಿದರೆ ಅವಳಿಗೆ 80 ದಿನ ತುಂಬಿ ಕೆಲವು ವಾರಗಳೇ ಆಗಿದ್ದವು. ರಾಜೀನಾಮೆ ಪತ್ರದ ಬದಲು ಹೆರಿಗೆ ರಜೆಯ ಅರ್ಜಿ ಬರೆದಳು. ಘಟಕದ ಮಾಲೀಕರು ಮೊದಲು ಒಪ್ಪಲಿಲ್ಲ. ತಮ್ಮ ಆಡಿಟರರನ್ನು ಕೇಳಿದರು, ಅವರೂ ಇದೇ ಮಾತನ್ನು ಹೇಳಿದ ಮೇಲೆ ರಜೆ ಮಂಜೂರು ಮಾಡಿದರು. ಈಗಲೂ ಆಕೆ ಅಲ್ಲಿಯೇ ಇದ್ದಾಳೆ.

ಈ ಪ್ರಸಂಗದಲ್ಲಿ ನನ್ನನ್ನು ಬಹಳ ಕಾಡುವುದು ಅವಳ ಭಯ ಹುಟ್ಟಿದ ಬಗೆ. ಸಾಹೇಬರು ಬೈದಿರಲಿಲ್ಲ, ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಏಳನೆಯ ತಿಂಗಳಲ್ಲಿ ಬಂಧುಬಳಗವನ್ನೆಲ್ಲ ಕರೆದು, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಊರಿಗೇ ಸಾರಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವ ಸೀಮೆ ನಮ್ಮದು. ಅಷ್ಟು ಜನರಿಗೆ ಸಂತೋಷದಿಂದ ಹೇಳಿದ ಮಾತನ್ನು ದಿನಕ್ಕೆ ಎಂಟು ತಾಸು ಜೊತೆಗಿರುವ ಕಚೇರಿಗೆ ಮಾತ್ರ ಹೇಳಲು ಆಗದಿರುವುದಕ್ಕೆ ಕಾರಣ ನೇಮಕಾತಿ ಪತ್ರದ ಆ ಒಂದು ವಾಕ್ಯ. ಯಾರೂ ಬೆದರಿಸದೆಯೇ ಅದು ಬೆದರಿಸುತ್ತದೆ.

ಬೆದರಿಕೆ ನಿಜವಾಗುವ ಸಂದರ್ಭಗಳೂ ಇವೆ. ಬೇರೊಂದು ಕಡೆ, ಹೆಸರು ಬೇಡ, ಬಸುರಿಯೆಂದು ಮೇಲಧಿಕಾರಿಗೆ ತಿಳಿಸಿದ ಕೆಲವೇ ದಿನಗಳಲ್ಲಿ ಒಬ್ಬಳಿಗೆ "ನಿಮ್ಮ ಕಾರ್ಯನಿರ್ವಹಣೆ ತೃಪ್ತಿಕರವಾಗಿಲ್ಲ, ಆದ್ದರಿಂದ ಪ್ರೊಬೇಷನ್ ಅವಧಿಯನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ" ಎಂಬ ಪತ್ರ ಬಂತು. ಅದರ ಹಿಂದಿನ ತಿಂಗಳು ಅದೇ ಅಧಿಕಾರಿ ಅವಳ ಕೆಲಸವನ್ನು ಮೆಚ್ಚಿ ಮೇಲ್ ಬರೆದಿದ್ದರು. ಅವಳು ಜಗಳಕ್ಕೆ ಹೋಗಲಿಲ್ಲ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಕಚೇರಿ ಕೋರ್ಟು ಅಲೆಯುವುದು ಬೇಡವೆಂದು ಮನೆಯವರೆಲ್ಲ ಹೇಳಿದರು. ಅವರನ್ನು ದೂಷಿಸಲು ನನಗೆ ಮನಸ್ಸು ಬರುವುದಿಲ್ಲ.

ಪ್ರೊಬೇಷನ್ನಿನಲ್ಲಿರುವವರನ್ನು ಕೆಲಸ ಹಿಡಿಸದಿದ್ದರೆ ತೆಗೆಯುವ ಅಧಿಕಾರ ಮಾಲೀಕರಿಗೆ ಇದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬಸುರಿನ ಕಾರಣಕ್ಕೆ ತೆಗೆದು ಅದಕ್ಕೆ ಕೆಲಸದ ಕೊರತೆಯ ಹೆಸರು ಕೊಡುವ ಅಧಿಕಾರ ಇಲ್ಲ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು, ಆ ಅವಧಿಯಲ್ಲಿ ಮುಗಿಯುವಂತೆ ನೋಟಿಸು ಕೊಡುವುದು, ಅವಳಿಗೆ ನಷ್ಟವಾಗುವಂತೆ ಸೇವಾ ಷರತ್ತು ಬದಲಿಸುವುದು ಕಾನೂನುಬಾಹಿರ ಎಂದು ಕಾಯ್ದೆಯ 12ನೆಯ ಕಲಮು ಹೇಳುತ್ತದೆ. ಬಸುರಿಯಾಗಿದ್ದಾಗ ತೆಗೆದರೂ, ತೆಗೆಯದಿದ್ದರೆ ಅವಳಿಗೆ ಸಲ್ಲಬೇಕಾಗಿದ್ದ ಹಣ ಸಲ್ಲಲೇಬೇಕು. ಗಂಭೀರ ದುರ್ನಡತೆ ಸಾಬೀತಾದರೆ ಮಾತ್ರ ಇದಕ್ಕೆ ಅಪವಾದ. 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. 1961ರ ಕಾಯ್ದೆಯಲ್ಲಿ ತಪ್ಪಿತಸ್ಥ ಮಾಲೀಕರಿಗೆ ಕನಿಷ್ಠ ಮೂರು ತಿಂಗಳ ಸೆರೆವಾಸದ ಶಿಕ್ಷೆಯನ್ನೂ ಇಟ್ಟಿದ್ದರು.

ಮೇಲೆ ಹೇಳಿದ ಸುಪ್ರೀಂ ಕೋರ್ಟಿನ ತೀರ್ಪು ನೀರಾ ಮಾಥುರ್ ಅವರ ಪ್ರಕರಣದ್ದು. ಅವರು ಭಾರತೀಯ ಜೀವ ವಿಮಾ ನಿಗಮದಲ್ಲಿ 1989ರಲ್ಲಿ ನೇಮಕಗೊಂಡು ಪ್ರೊಬೇಷನ್ನಿನಲ್ಲಿದ್ದರು. ಹೆರಿಗೆ ರಜೆಗೆ ಅರ್ಜಿ ಹಾಕಿ ಹೋದರು, 1990ರ ಜನವರಿಯಲ್ಲಿ ಹೆರಿಗೆಯಾಯಿತು, ಫೆಬ್ರವರಿಯಲ್ಲಿ ಕೆಲಸದಿಂದ ಬಿಡುಗಡೆಯ ಆದೇಶ ಬಂತು. ಪ್ರೊಬೇಷನ್ ಅವಧಿಯಲ್ಲಿದ್ದ ಕಾರಣ ಹಾಗೆ ಮಾಡಲಾಯಿತೆಂದೂ, ಸೇರುವಾಗ ತುಂಬಿಕೊಟ್ಟ ಘೋಷಣಾ ಪತ್ರದಲ್ಲಿ ಮುಟ್ಟಿನ ದಿನಾಂಕವನ್ನು ತಪ್ಪಾಗಿ ಬರೆದು ಗರ್ಭವನ್ನು ಮುಚ್ಚಿಟ್ಟಿದ್ದಾರೆಂದೂ ನಿಗಮ ವಾದಿಸಿತು. 1991ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತು. ಅವರ ಕೆಲಸ ಚೆನ್ನಾಗಿರಲಿಲ್ಲ ಎನ್ನುವುದಕ್ಕೆ ದಾಖಲೆಯಲ್ಲಿ ಏನೂ ಇರಲಿಲ್ಲ. ಮುಟ್ಟು, ಗರ್ಭ, ಗರ್ಭಪಾತಗಳ ವಿವರ ಕೇಳುವ ಅಂಥ ಘೋಷಣೆಗಳು ಹೆಣ್ಣಿನ ಮಾನಕ್ಕೆ ಕುಂದು ತರುವಂಥವು, ಅವುಗಳನ್ನು ಕೈಬಿಡಬೇಕು ಎಂದು ಕೋರ್ಟು ಹೇಳಿತು. ತೀರ್ಪು ಬಂದು ಮೂವತ್ತು ವರ್ಷಗಳಿಗೂ ಹೆಚ್ಚಾಯಿತು. "ಮದುವಿ ಆಗಿ ಎಷ್ಟ ದಿನಾ ಆತವಾ? ಮಕ್ಕಳ ವಿಚಾರ ಏನೈತಿ?" ಎಂಬ ಪ್ರಶ್ನೆಯನ್ನು ಸಂದರ್ಶನದಲ್ಲಿ ಅಕ್ಕರೆಯ ದನಿಯಲ್ಲಿ ಕೇಳುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ.

ರಜೆಯ ಕಾರಣದಿಂದ ಕೆಲಸ ನೋಡಲು ಸಮಯವೇ ಸಿಗಲಿಲ್ಲ ಎನ್ನುವ ಮಾಲೀಕರಿಗೆ ಸರಿಯಾದ ದಾರಿ ಒಂದಿದೆ. ರಜೆ ಮುಗಿಸಿ ಬಂದ ಮೇಲೆ, ಬಾಕಿ ಉಳಿದ ಪ್ರೊಬೇಷನ್ ತಿಂಗಳುಗಳನ್ನು ಅಲ್ಲಿಂದ ಮುಂದುವರಿಸಬಹುದು. ಇದರಿಂದ ಇಬ್ಬರಿಗೂ ಅನ್ಯಾಯವಿಲ್ಲ. ಬೀಳಗಿಯ ಹೆಣ್ಣುಮಗಳ ವಿಷಯದಲ್ಲಿ ಆದದ್ದೂ ಹೀಗೆಯೇ.

ಮಾಲೀಕರ ಸಂಕಟವನ್ನು ನಾನು ಹತ್ತಿರದಿಂದ ಬಲ್ಲೆ, ಅದನ್ನು ಹಗುರಾಗಿ ತೆಗೆದುಹಾಕಲಾರೆ. ಹನ್ನೆರಡು ಜನ ದುಡಿಯುವ ಘಟಕದಲ್ಲಿ 24,000 ರೂಪಾಯಿ ಸಂಬಳದ ಒಬ್ಬಳು ಆರು ತಿಂಗಳು ರಜೆ ಹೋದರೆ ಅವಳಿಗೆ 1,44,000 ರೂಪಾಯಿ ಕೊಡಬೇಕು, ಅವಳ ಜಾಗದಲ್ಲಿ ಬಂದವರಿಗೂ ಸಂಬಳ ಕೊಡಬೇಕು. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲದ ಮೊತ್ತ, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಮೇಲೆ ನಡೆಯುವ ಘಟಕಕ್ಕೆ ಹಾಗಲ್ಲ. ಅದರ ಪರಿಣಾಮ ಮಾಲೀಕರು ಬಾಯಿಬಿಟ್ಟು ಹೇಳದ ಒಂದು ನಿರ್ಧಾರ: ಮದುವೆಯ ವಯಸ್ಸಿನ ಹೆಣ್ಣುಮಗಳನ್ನು ತೆಗೆದುಕೊಳ್ಳುವುದೇ ಬೇಡ.

ಈ ಹೊರೆ ಯಾರದ್ದು ಎಂಬ ಪ್ರಶ್ನೆ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಬೆಳಗಾವಿಯೂ, ಬಾಗಲಕೋಟೆ ಒಳಗೊಂಡಿದ್ದ ಅಂದಿನ ವಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1928ರಲ್ಲಿ, ಮುಂಬಯಿ ಶಾಸನ ಪರಿಷತ್ತಿನ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಿತ್ತು. ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಗೆ ಮೊದಲೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಆದ್ದರಿಂದ ಅದರ ಖರ್ಚನ್ನು ಬಹುಪಾಲು ಸರ್ಕಾರವೇ ಹೊರಬೇಕು ಎಂಬುದು ಅವರ ನಿಲುವು. ಮುಂದಿನ ವರ್ಷ ಕಾಯ್ದೆಯಾಯಿತು, ಖರ್ಚು ಮಾತ್ರ ಮಾಲೀಕರ ಮೇಲೆಯೇ ಉಳಿಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಡಂಬಡಿಕೆಯೂ ಈ ಹಣ ಸಾಮಾಜಿಕ ವಿಮೆಯಿಂದ ಅಥವಾ ಸಾರ್ವಜನಿಕ ನಿಧಿಯಿಂದ ಬರಬೇಕೆನ್ನುತ್ತದೆ, ಭಾರತ ಅದಕ್ಕೆ ಸಹಿ ಹಾಕಿಲ್ಲ. 26 ವಾರಗಳಲ್ಲಿ 7 ವಾರಗಳ ಸಂಬಳವನ್ನು ಮಾಲೀಕರಿಗೆ ಸರ್ಕಾರ ತುಂಬಿಕೊಡುವ ಪ್ರಸ್ತಾವ 2018ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದಿಂದ ಬಂದಿತ್ತು. ನಾನು ಲೆಕ್ಕ ನೋಡುವ ಘಟಕಗಳಲ್ಲಿ ಆ ಹಣ ಬಂದವರು ಯಾರೂ ಇಲ್ಲ. ಸರ್ಕಾರ ಹೊರಬೇಕಾದದ್ದನ್ನು ಹೊರಲಿಲ್ಲವೆಂದು ಮಾಲೀಕರು ಗಟ್ಟಿಯಾಗಿ ಕೇಳಲಿ, ಸಂಘಗಳ ಮೂಲಕ ಬೆಂಗಳೂರಿಗೂ ದೆಹಲಿಗೂ ಬರೆಯಲಿ. ಆ ಸಿಟ್ಟನ್ನು ಪ್ರೊಬೇಷನ್ನಿನಲ್ಲಿರುವ ಹುಡುಗಿಯ ಮೇಲೆ ತೀರಿಸಿಕೊಳ್ಳುವುದು ಸರಿಯಲ್ಲ.

ಸರ್ಕಾರಿ ನೌಕರಿಯಲ್ಲಿ ಈ ಗೊಂದಲ ಕಡಿಮೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳ 135ನೆಯ ನಿಯಮದಂತೆ 180 ದಿನಗಳ ಹೆರಿಗೆ ರಜೆಯಿದೆ. ಗುತ್ತಿಗೆದಾರರ ಮೂಲಕ ಬಂದವರೂ ಕಾಯ್ದೆಯ ಒಳಗಿದ್ದಾರೆ, ನೇರವಾಗಿ ಅಥವಾ ಏಜೆನ್ಸಿ ಮೂಲಕ ಎಂದು ಅದರಲ್ಲಿ ಬಿಡಿಸಿಯೇ ಬರೆದಿದೆ. ಮಸ್ಟರ್ ರೋಲ್ ಮೇಲಿನ ದಿನಗೂಲಿ ಹೆಣ್ಣುಮಕ್ಕಳಿಗೂ ಇದು ಸಲ್ಲುತ್ತದೆಂದು ದೆಹಲಿ ಮಹಾನಗರಪಾಲಿಕೆಯ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗುತ್ತಿಗೆಯ ಅವಧಿ ರಜೆಯ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲದೆಂದು 2023ರಲ್ಲಿ ಡಾ. ಕವಿತಾ ಯಾದವ್ ಅವರ ಪ್ರಕರಣದಲ್ಲಿ ತೀರ್ಮಾನಿಸಿತು. ದಿನಗೂಲಿಯವಳಿಗೆ, ಅವಧಿ ಮುಗಿದ ಗುತ್ತಿಗೆಯವಳಿಗೆ ಸಿಗುವ ಹಕ್ಕನ್ನು ಪ್ರೊಬೇಷನ್ನಿನಲ್ಲಿರುವವಳಿಗೆ ನಿರಾಕರಿಸಲು ಯಾವ ತರ್ಕವೂ ಉಳಿಯುವುದಿಲ್ಲ. ನಿಜವಾಗಿ ಹೊರಗೆ ಉಳಿದವರು ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿ, ಕಚೇರಿಗಳ ಹೆಣ್ಣುಮಕ್ಕಳು. ಖಡೇ ಬಜಾರಿನ ಬಟ್ಟೆ ಅಂಗಡಿಯ ಕೌಂಟರಿನಲ್ಲಿ, ಗಲ್ಲಿಯ ಚಿಕ್ಕ ದವಾಖಾನೆಯಲ್ಲಿ ನಿಂತವರಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದನ್ನು ಬರೆಯಲು ಇನ್ನೊಂದು ಲೇಖನವೇ ಬೇಕು.

ಪ್ರೊಬೇಷನ್ನಿನಲ್ಲಿರುವವರು ಮಾಡಬೇಕಾದ ಕೆಲಸ ಬಹಳ ಇಲ್ಲ. ತಾಯಿ ಕಾರ್ಡಿನ ಅಥವಾ ವೈದ್ಯರ ಪ್ರಮಾಣಪತ್ರದ ಪ್ರತಿ ಇಟ್ಟು, ಯಾವ ದಿನದಿಂದ ರಜೆ ಬೇಕೆಂದು ತಿಳಿಸಿ, ಆ ಅವಧಿಯಲ್ಲಿ ಬೇರೆಲ್ಲಿಯೂ ಕೆಲಸ ಮಾಡುವುದಿಲ್ಲವೆಂದು ಬರೆದು, ತಮ್ಮ ನಂತರ ಹಣವನ್ನು ಯಾರಿಗೆ ಕೊಡಬೇಕೆಂಬ ಹೆಸರು ಸೇರಿಸಿ ಒಂದು ಅರ್ಜಿ ಕೊಡಬೇಕು. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಪ್ರತಿ ತೆಗೆದುಕೊಳ್ಳಲು ಒಪ್ಪದಿದ್ದರೆ ಮೇಲ್ ಕಳಿಸಬೇಕು, ಇಲ್ಲವೇ ಅಂಚೆಯಲ್ಲಿ ರಿಜಿಸ್ಟರ್ ಮಾಡಿಸಬೇಕು. ಹೆರಿಗೆಗೆ ಮೊದಲೇ ಅರ್ಜಿ ಕೊಡಲಾಗದಿದ್ದರೆ ಆದ ಮೇಲೆ ಬೇಗ ಕೊಟ್ಟರೂ ನಡೆಯುತ್ತದೆ, ತಡವಾಯಿತೆಂದು ಹಕ್ಕು ಹೋಗುವುದಿಲ್ಲ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಮುಂಗಡವಾಗಿಯೂ, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ತಾಸಿನೊಳಗೂ ಕೊಡಬೇಕು. ಕೊಡದಿದ್ದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಅದೇ ಸ್ವೀಕೃತಿಯ ಪ್ರತಿಯೊಂದಿಗೆ ದೂರು ಕೊಡಬಹುದು.

ಮಾಲೀಕರ ಕಡೆಯಿಂದ ಆಗಬೇಕಾದದ್ದೂ ಕಾಯ್ದೆಯಲ್ಲಿಯೇ ಇದೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪ್ರತಿ ಹೆಣ್ಣುಮಗಳಿಗೂ ಹೆರಿಗೆ ಸೌಲಭ್ಯಗಳನ್ನು ಬರಹದಲ್ಲಿ ತಿಳಿಸಬೇಕೆಂದು 2017ರಿಂದ ನಿಯಮವಿದೆ. ಹೀಗಾಗಿ ನಮ್ಮ ಕಚೇರಿಯಿಂದ ಹೋಗುವ ನೇಮಕಾತಿ ಪತ್ರಗಳಲ್ಲಿ, ಮಾಲೀಕರನ್ನು ಒಪ್ಪಿಸಿ, ರಜೆಯ ವಾಕ್ಯದ ಕೆಳಗೆ ಇನ್ನೊಂದನ್ನು ಸೇರಿಸುತ್ತಿದ್ದೇನೆ: "ಮೇಲಿನ ಷರತ್ತು ಹೆರಿಗೆ ರಜೆಗೆ ಅನ್ವಯಿಸುವುದಿಲ್ಲ. 80 ದಿನ ಕೆಲಸ ಮಾಡಿದ ಮಹಿಳಾ ನೌಕರರು ಪ್ರೊಬೇಷನ್ ಅವಧಿಯಲ್ಲಿಯೂ ಕಾನೂನಿನಂತೆ ಹೆರಿಗೆ ಸೌಲಭ್ಯಕ್ಕೆ ಅರ್ಹರಿರುತ್ತಾರೆ." ಕೆಲವರು ಒಪ್ಪುತ್ತಾರೆ, ಕೆಲವರು ಅದನ್ನು ಹೊಡೆದುಹಾಕಿ ಕಳಿಸುತ್ತಾರೆ. ಹಾಗೆ ಹೊಡೆದುಹಾಕಿದವರಿಗೆ ಆ ಪತ್ರದ ಜೊತೆ ಕಾಯ್ದೆಯ ಪುಟವನ್ನು ಪಿನ್ ಮಾಡಿ ಮತ್ತೆ ಕಳಿಸುತ್ತೇನೆ.